ಮುಚ್ಚಳದ ಒಳಗಡೆ ಬರೆದಿದೆ

ಇಂಡುವಾಳಿನ ಹತ್ತಿರ, ಸರ್ವಿಸ್ ರೋಡಿನ ಬಂಕಿನಲ್ಲಿ
ನನಗೆ ರಾತ್ರಿ ಪಾಳಿ. ಪೆಟ್ರೋಲಿಗೆ ಮೂರು ನಳಿಕೆ:
ತೊಂಬತ್ತೊಂದು, ತೊಂಬತ್ತೈದು,
ಮೂಲೆಯಲ್ಲಿ, ವಾರಕ್ಕೆರಡು ಸಲ ಬಾಯಿಬಿಡುವ ನೂರು.

ಯಾವ್ದವ್ವಾ ಒಳ್ಳೇದು? ಎಂದು ಕೇಳುತ್ತಾರೆ,
ವೀಳ್ಯದೆಲೆ ಕಟ್ಟು ಬಿಚ್ಚಿಸಿ ಕೇಳಿದ ಹಾಗೆ.
ಕೆರಗೋಡಿನ ಮೇಷ್ಟ್ರು ಯುಗಾದಿ ದಿನ
ಹಳೇ ಸ್ಕೂಟರಿಗೆ ನೂರು ಕುಡಿಸಿದರು.
ಅದು ಎಂದಿನಂತೆ ಕೆಮ್ಮಿ, ಎಂದಿನಂತೆ ಹೋಯಿತು.
ಮುದಿ ಎತ್ತಿಗೆ ಹಿತ್ತಾಳೆ ಕೊಂಬಣಸು ತೊಡಿಸಿದರೆ
ಸಾಲು ಉದ್ದವಾದೀತೆ?

ಟ್ಯಾಂಕಿನ ಮುಚ್ಚಳ ತೆಗೆದು ಒಳಗಡೆ ಓದಿ, ಅನ್ನುತ್ತೇನೆ.
ಗಾಡಿ ಮಾಡಿದವರು ಅಲ್ಲಿ ಬರೆದಿರುತ್ತಾರೆ.
ಯಾರೂ ಓದುವುದಿಲ್ಲ.

ಮೊನ್ನೆ ಹನ್ನೊಂದೂವರೆಗೆ ಬಂತು
ನೆಲಕ್ಕೆ ಹೊಟ್ಟೆ ತಾಗಿಸುವ ಹಳದಿ ಕಾರು.
ಓನರು ಗುತ್ತಲಿನ ಕಂಟ್ರಾಕ್ಟರು,
ಡ್ರೈವರು ಬೋರಲಿಂಗು, ನಮ್ಮ ಬೀದಿಯವನು.
ಮೈಸೂರಿನ ಮೇಟಗಳ್ಳಿಯಲ್ಲಿ ಯಾರೋ
ಟರ್ಬೊದ ಕಿವಿ ಹಿಂಡಿ, ಎಂಜಿನ್ನಿಗೆ ಹೊಸ ಬುದ್ಧಿ ಬರೆದು,
ಮುಚ್ಚಳದೊಳಗಿನ ತೊಂಬತ್ತೈದಕ್ಕೆ ಗೀಟು ಹೊಡೆದು
ಮಾರ್ಕರಿನಲ್ಲಿ ನೂರು ಎಂದು ತಿದ್ದಿದ್ದರು.

ಅಕ್ಕಾ, ಒಂದ್ಗಳಿಗೆ ಕೂತ್ಕಂಡು ಕೇಳು, ಅಂದ.
ಬಂಕನ್ನು ಸಣ್ಣಮಾದನಿಗೆ ಬಿಟ್ಟು ಕೂತೆ.
ಫ್ಲೈಓವರಿನ ಏರಿನಲ್ಲಿ ತುಳಿದ ಕೂಡಲೇ
ಕಟಕಟ ಕಟಕಟ,
ತಗಡಿನ ಡಬ್ಬದಲ್ಲಿ ಹುಣಿಸೆಬೀಜ.

ಏನ್ಲಾ ಆಕ್ಸಿದ್ದೀಯ?
ನೂರು.
ಬೋರಾ.
ತೊಂಬತ್ತೊಂದು ಕಣಕ್ಕ.

ನೂರರ ಕಾಸು ಇಸಕೊಂಡು, ಮಿಕ್ಕಿದ್ದರಲ್ಲಿ
ತನ್ನ ಟಿವಿಎಸ್ಸಿಗೆ ಹಿಂದಿನ ಟೈರು.
ಬಿಲ್ಲು ಮುಚ್ಚಿಟ್ಟ. ಎಂಜಿನ್ನಿನ ಬಾಯಿ ಮುಚ್ಚಲಾದೀತೆ,
ಏರು ಏರಿದಾಗಲೆಲ್ಲ ಅದು ಚಾಡಿ ಹೇಳುತ್ತಿತ್ತು.

ನಮ್ಮಪ್ಪ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದ.
ನೀರಿನ ಬಟ್ಟಲಿಗೆ ತೊಟ್ಟು ಬಿಟ್ಟು, ಬೆರಳಲ್ಲಿ ಹೊರಳಿಸಿ,
ಉರಿಗೆ ಅವಸರ ಇರ್ತದೆ ಕಣೆ, ಪಾಕಕ್ಕಿರಬಾರ್ದು.
ನಳಿಕೆ ಹಿಡಿದಾಗ ಈಗಲೂ ಆ ಬೆರಳು ಕಾಣುತ್ತದೆ.
ನೂರಕ್ಕೆ ಕೊಡುವ ದುಡ್ಡು ತಾಳ್ಮೆಯದು:
ಪಿಸ್ಟನ್ನು ಏರಿ ಬಂದು ಎದೆ ಅದುಮಿದರೂ
ಕಿಡಿ ಬಂದು ಕರೆಯುವ ತನಕ
ಉಸಿರು ಬಿಗಿಹಿಡಿದು ಕೂರುವುದು.
ತೊಂಬತ್ತೊಂದು ಅಷ್ಟು ಹೊತ್ತು ಕೂರದು.
ಕರೆಯುವ ಮುಂಚೆ ಎದ್ದು ಬಾಗಿಲು ಬಡಿಯುತ್ತದೆ.
ಮೇಷ್ಟ್ರ ಸ್ಕೂಟರಿನಲ್ಲಿ ಅದುಮುವವರೇ ಇಲ್ಲ,
ಅಲ್ಲಿ ಅದೂ ಸಾಧುವೇ.

ಪೆಟ್ರೋಲಿಗೀಗ ಕಬ್ಬಿನ ಸಾರವನ್ನೂ ಬೆರೆಸುತ್ತಾರೆ.
ಗಾಳಿ ಈ ಕಡೆ ತಿರುಗಿದರೆ ಕಾಕಂಬಿ ವಾಸನೆ.
ಅಪ್ಪ ಇದ್ದಿದ್ದರೆ
ನಳಿಕೆಯ ಮೂತಿಗೂ ಬೆರಳು ಹಚ್ಚಿ ನೋಡುತ್ತಿದ್ದ.

ಟ್ಯಾಂಕಿನಲ್ಲಿ ಇಪ್ಪತ್ತು ಲೀಟರು ಉಳಿದಿತ್ತು.
ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಲೆಕ್ಕ ಹಾಕಿದೆ:
ಮೇಲೆ ಇಪ್ಪತ್ತು ನೂರು ಬಿಟ್ಟರೆ
ತೊಂಬತ್ತೈದೂವರೆ.
ನೂರಾಗಕಿಲ್ಲ ಕಣೋ. ಏರಲ್ಲಿ ಗೇರು ಇಳ್ಸು, ತುಳೀಬ್ಯಾಡ,
ಇದು ಮುಗಿಯೋ ಗಂಟ ಬಸುರಿ ಕೂರ್ಸಿದಂಗೆ ಓಡ್ಸು.

ಜೇಬೆಲ್ಲ ಕೊಡವಿದ. ಸಾವಿರದ ಎಂಟುನೂರು ಕಡಿಮೆ.
ಟಿವಿಎಸ್ಸಿನ ಆರ್‌ಸಿ ಕಾರ್ಡು ನನ್ನ ಕೈಲಿಟ್ಟು,
ಓನರಿಗೆ ಹೇಳ್ಬುಟ್ಟೀಯ? ಅಂದ.
ನಾನ್ಯಾಕ್ ಹೇಳ್ಲಿ, ಇನ್ನೊಂದ್ ಸಲ ಮಾಡು,
ಅದೇ ಹೇಳ್ತದೆ.

ಹಳದಿ ದೀಪ ಏರು ಹತ್ತಿತು. ಕಿವಿಗೊಟ್ಟು ನಿಂತೆ.
ಅಷ್ಟರಲ್ಲಿ ಕಬ್ಬಿನ ಲಾರಿಯೊಂದು ಅಡ್ಡ ಬಂದು ನಿಂತು,
ಹಿಂದಿನಿಂದ ಎರಡು ಜಲ್ಲೆ ಜಾರಿ ಬಿದ್ದವು.
ಡೀಸೆಲ್ಲು, ಅಂದ ಡ್ರೈವರು.
ಅವನಿಗೆ ಯಾವ ಅನುಮಾನವೂ ಇರಲಿಲ್ಲ.