ಗಂಟೆಗೆ ಎಷ್ಟು

ಹಾಲಿನ ಡೇರಿಯವರು ಕೊಟ್ಟ ಹಳೆಯ ಪುಸ್ತಕ,
ಹಿಂದಿನ ಹಾಳೆಗಳಲ್ಲಿ ನನ್ನ ನೀರಿನ ಲೆಕ್ಕ.
ಹೆಸರು, ಗಂಟೆ, ದರ.
ಇನ್ನೊಂದು ಗೆರೆ ಎಳೆಯಲು ಜಾಗವಿಲ್ಲ.

ಕರೆಂಟು ಬಿಟ್ಟಿ, ಯಾತಕ್ಕಮ್ಮ ಇಷ್ಟು ಅಂತಾರೆ.
ಸಾವಿರದ ಮುನ್ನೂರು ಅಡಿಯಿಂದ
ಸುಟ್ಟ ಮೋಟಾರು ಮೇಲೆತ್ತುವ ದಿನ
ಕ್ರೇನಿನವನು, ಕಾಯಿಲ್ ಸುತ್ತುವವನು
ಬಿಟ್ಟಿ ಅನ್ನುವ ಮಾತು ಆಡುವುದಿಲ್ಲ.
ಎರಡು ಸಲ ಸುಟ್ಟಿತು ಆ ವರ್ಷ.
ಎಂಬತ್ತಿದ್ದದ್ದನ್ನು ನೂರು ಮಾಡಿದೆ.
ಮಾಡಿ, ಬಾಗಿಲಲ್ಲಿ ನಿಂತೆ,
ಯಾರು ಬರುವುದಿಲ್ಲವೋ ನೋಡೋಣವೆಂದು.

ಸೊಣ್ಣಪ್ಪ ಬಂದ. ನಾಲ್ಕು ಗಂಟೆ ಅಂದ.
ಅವನ ಟೊಮೆಟೊ ಕಡ್ಡಿಗೆ ಕಟ್ಟಿಸಿಕೊಂಡು
ಹೂವಿಗೆ ಬಂದಿತ್ತು;
ಹೂ ಬಿಟ್ಟ ಗಿಡ ದರ ಕೇಳುವುದಿಲ್ಲ.
ನೂರಿಪ್ಪತ್ತು ಮಾಡಿದೆ: ನಾಲ್ಕು ಗಂಟೆ.
ನೂರೈವತ್ತು: ನಾಲ್ಕೇ ಗಂಟೆ.
ಆದರೆ ದುಡ್ಡು ಎಣಿಸಿಟ್ಟು
ಜಗಲಿಯ ಮೇಲೆ ಕೂರದೆ ಹೋದ.
ಮುಂದಿನ ಸರದಿಗೂ ಹಾಗೆಯೇ.
ಅವನು ಕಡಿಮೆ ಮಾಡಿದ್ದು ನೀರನ್ನಲ್ಲ,
ನಮ್ಮ ಮನೆಯ ಟೀಯನ್ನು.

ಬಾಬಾಜಾನ್ ಸಾಬರು ಒಂದು ಮಾತೂ ಆಡಲಿಲ್ಲ.
ನೂರಿಪ್ಪತ್ತಾದ ವಾರವೇ
ದ್ರಾಕ್ಷಿ ಕಿತ್ತುಹಾಕಿದ ಯಾರದೋ ತೋಟದಿಂದ
ಹಳೆಯ ಡ್ರಿಪ್ ಪೈಪು, ಸುರುಳಿ ಸುರುಳಿ,
ಲಗೇಜ್ ಆಟೋದಲ್ಲಿ ತಂದು
ಹಿಪ್ಪುನೇರಳೆ ಸಾಲಿನುದ್ದ ಹಾಸಿದರು,
ತೂತುಗಳಲ್ಲಿ ಕಟ್ಟಿದ್ದ ಉಪ್ಪನ್ನು
ಒಂದೊಂದಾಗಿ ಸೂಜಿಯಲ್ಲಿ ಬಿಡಿಸುತ್ತ.
ನಾಲ್ಕು ಗಂಟೆ ಒಂದೂವರೆಯಾಯಿತು.
ಮಳೆ ಹಿಡಿದು ನಾನು ನೂರಕ್ಕೆ ಇಳಿದಾಗಲೂ
ಒಂದೂವರೆ ಒಂದೂವರೆಯೇ.
ಹತ್ತಿದ ಮೆಟ್ಟಿಲಲ್ಲೇ ಇಳಿಯುತ್ತಾರೆ ಜನ
ಅಂದುಕೊಂಡಿದ್ದೆ, ಪೆದ್ದಿ.

ಚಿಂತಾಮಣಿಯ ಕಾಲೇಜಿನ ಹುಡುಗಿ ಫಾರಮ್ಮು ಹಿಡಿದು ಬಂದಳು:
“ದರ ಹತ್ತು ರೂಪಾಯಿ ಏರಿದರೆ
ಎಷ್ಟು ಗಂಟೆ ಕಡಿಮೆಯಾಗುತ್ತೆ, ಅಕ್ಕ?”
ಯಾರದು ಅಂದೆ. ಎಲ್ಲರದೂ ಸೇರಿ ಅಂದಳು.
ಯಾವ ತಿಂಗಳು ಅಂದೆ. ಸುಮ್ಮನಾದಳು.
ಬಾಕ್ಸು ಟೊಮೆಟೊ ಅರವತ್ತಕ್ಕೆ ಬಿದ್ದ ವಾರ
ಬಿಟ್ಟಿ ಬಿಡ್ತೀನಿ ತಗೋ ಅಂದರೂ
ವಾಲ್ವು ತಿರುಗಿಸಲು ಬರಲಿಲ್ಲ ಸೊಣ್ಣಪ್ಪ.
ಅದನ್ನು ಎಲ್ಲಿ ಬರೆದುಕೊಳ್ಳಲಿ ಅಂತ
ಪೆನ್ನಿನ ತುದಿ ಕಚ್ಚುತ್ತ ಕೂತಳು.
ಒಳ್ಳೆಯ ಹುಡುಗಿ. ಟೀ ಕುಡಿದಳು.

ಅಕ್ಕಲಮ್ಮನದು ಎರಡೇ ಮಡಿ ಸೊಪ್ಪು,
ಕೊತ್ತಂಬರಿ ಒಂದು, ದಂಟು ಒಂದು.
ಎಂಬತ್ತಿದ್ದಾಗ ಅರ್ಧ ಗಂಟೆ.
ಬೇಸಿಗೆಗೆ ಮತ್ತೆ ನೂರೈವತ್ತು ಮಾಡಿದಾಗ
“ಇಪ್ಪತ್ತು ನಿಮಿಷ ಸಾಕು” ಅಂದು
ನಾಲ್ಕು ಮಡಿಕೆಯ ಐವತ್ತರ ನೋಟು ನನ್ನ ಅಂಗೈಗಿಟ್ಟಳು.

ರಾತ್ರಿ ಹನ್ನೊಂದಕ್ಕೆ ತ್ರೀ ಫೇಸು ಬಂತು.
ಸ್ಟಾರ್ಟರು ಒತ್ತಿ, ಗಡಿಯಾರ ನೋಡಿ,
ಯಾಕೋ ಟಾರ್ಚು ಹಿಡಿದು
ಪೈಪಿನ ಜೊತೆಯಲ್ಲೇ ನಡೆದೆ, ಅವಳ ಹೊಲದ ತನಕ.
ಪೈಪಿನ ಬಾಯಿಗೆ ಕೈ ಒಡ್ಡಿ ಕೂತಿದ್ದಳು.
ಮೊದಲು ಗಾಳಿ. ಆಮೇಲೆ ಕೆಮ್ಮು.
ಆಮೇಲೆ ಒಂದಿಷ್ಟು ಕೆಂಪು ಕೆಸರು.
ನೀರು ಬಂದಾಗ ಏಳು ನಿಮಿಷ ಆಗಿತ್ತು.
ಮೂವತ್ತರಲ್ಲಿ ಏಳು, ಈಗ ಇಪ್ಪತ್ತರಲ್ಲೂ ಏಳು:
ಇಷ್ಟು ವರ್ಷ ನನ್ನ ಪೈಪು
ಅವಳ ಲೆಕ್ಕದಲ್ಲಿ ಕುಡಿದಿತ್ತು.

“ಗೊತ್ತಿತ್ತಾ?” ಅಂದೆ.
“ಸೊಪ್ಪು ಹಾಕಿದವಳಿಗೆ ಗೊತ್ತಿರಲ್ವಾ” ಅಂದಳು,
ಸನಿಕೆಯಿಂದ ಕಾಲುವೆ ತಿರುಗಿಸುತ್ತ.

ಈಗಲೂ ನೂರೈವತ್ತೇ. ಇಳಿಸಿಲ್ಲ,
ಇಳಿಸುವ ಹಾಗೂ ಇಲ್ಲ, ಮೋಟಾರು ಮತ್ತೆ ನರಳುತ್ತಿದೆ.
ಆದರೆ ಅವಳ ಸರದಿಯ ರಾತ್ರಿ
ಆ ತುದಿಯಿಂದ ಅವಳು ಕೂಗುವ ತನಕ
ನಾನು ಗಡಿಯಾರ ನೋಡುವುದಿಲ್ಲ.
ಕೂಗು ಅಂದರೆ ಮಾತೇನಲ್ಲ, ಒಂದು ‘ಹೂಂ’.
ಅಲ್ಲಿಂದ ಶುರು.