ಹನ್ನೊಂದು ಹಳೇ ಫೋನು

ತಿಬಿಲೀಸಿಯ ರೈಲುನಿಲ್ದಾಣದೆದುರು, ರಸ್ತೆಯಡಿಯ ಸುರಂಗದಲ್ಲಿ
ನನ್ನದೊಂದು ಗಾಜಿನ ಗೂಡು.
ಎಡಕ್ಕೆ ಕಾಲುಚೀಲ ಮಾರುವ ಗೋಚಾ,
ಬಲಕ್ಕೆ ದ್ರಾಕ್ಷಿಪಾಕದಲ್ಲಿ ಅದ್ದಿ ತೂಗಿಬಿಟ್ಟ ಅಕ್ರೋಟಿನ ಸರ,
ನೆತ್ತಿಯ ಮೇಲೆ ದಿನವಿಡೀ ಬಸ್ಸುಗಳ ಗುಡುಗುಡು.

ಇವತ್ತು ಆಶ್ರಯಮನೆಯ ನೆಸ್ತಾನ್ ಬಂದಳು.
ಹನ್ನೊಂದು ಬೇಕು ಚಿಕ್ಕಮ್ಮ, ಅಂದಳು.
ಗುಂಡಿ ಒತ್ತುವಂಥವು. ನಕ್ಷೆ ಇರಬಾರದು.
ಕ್ಯಾಮೆರಾ ಇದ್ದರೆ ಕುರುಡಾಗಿರಲಿ.
ಬ್ಯಾಟರಿ ಮಾತ್ರ, ಉಗುರು ತಾಗಿಸಿದರೆ ಕಳಚಿ ಬರಬೇಕು.

ಯಾರಿಗೆ ಅಂತ ಕೇಳಲಿಲ್ಲ ನಾನು. ಅವಳೇ ಹೇಳಿದಳು:
ಒಬ್ಬಳಿದ್ದಾಳೆ, ಸೊಪ್ಪಿಗೆ ಹೋದರೆ ಗಂಡನಿಗೆ ಗೊತ್ತು,
ಯಾವ ಬೀದಿ, ಎಷ್ಟನೇ ಮಹಡಿ, ಎಷ್ಟು ಹೊತ್ತು ಗೊತ್ತು,
ಅಮ್ಮನಿಗೆ ಬರೆದು, ಕಳಿಸದೆ, ಅಳಿಸಿದ ಸಾಲೂ ಗೊತ್ತು.
ಹೊಡೆಯುವುದನ್ನು ಬಿಟ್ಟೇಬಿಟ್ಟಿದ್ದಾನೆ,
ಅದರ ಅಗತ್ಯವೇ ಬೀಳುತ್ತಿಲ್ಲ.

ಕೆಳಗಿನ ಡ್ರಾಯರು ಎಳೆದೆ. ಧೂಳು, ತಿರುಪು, ಸತ್ತ ನೊಣ.
ಒಂದಕ್ಕೆ ಐದರ ಗುಂಡಿ ಸವೆದು ಬೋಳು,
ಒಂದರ ಬೆನ್ನಿಗೆ ಯಾವುದೋ ಮಗು ಅಂಟಿಸಿದ ಚಿಟ್ಟೆ,
ಒಂದರೊಳಗೆ ಇನ್ನೂ ಯಾರದೋ ಸಂದೇಶ:
‘ಬ್ರೆಡ್ ತಾ. ಸಿಟ್ಟಿಲ್ಲ ಈಗ.’
ಅಳಿಸಬೇಕು. ಎರಡು ಸಲ ಓದಿ ಅಳಿಸಿದೆ.

ನೆಸ್ತಾನ್, ಸುಳ್ಳು ಹೇಳಿ ಮಾರಲಾರೆ, ಅಂದೆ.
ಇವು ಮೂಗಿಯರಲ್ಲ. ಇವುಗಳ ಮಾತು ಕಂಬಕ್ಕೆ ಕೇಳಿಸುತ್ತದೆ,
ಕಂಬದಾಚೆ ಎಲ್ಲೋ ಒಂದು ಕುರ್ಚಿ, ಕುರ್ಚಿಯಲ್ಲಿ ಯಾರೋ.
ಬಲ್ಲವನಿಗೆ ಹೊಸದಕ್ಕಿಂತ ಹಳೆಯದರ ಬೀಗವೇ ಸಡಿಲು.
ಆ ಗಂಡ ಬಲ್ಲವನಲ್ಲ, ನಮ್ಮ ಪುಣ್ಯ ಅಷ್ಟೆ.

ನಿಮಗೆ ಹೇಗೆ ಗೊತ್ತು, ಅಂತ ಅವಳು ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಎಂಬತ್ತಮೂರರಲ್ಲಿ ಆ ಕುರ್ಚಿ ನನ್ನದು.
ಹತ್ತೊಂಬತ್ತು ವಯಸ್ಸು. ಕಿವಿಗೆ ಕರಿಯ ಬಟ್ಟಲು,
ಎದುರಿಗೆ ತೂತು ತೂತಿನ ಗೋಡೆ.
ಗೋಡೆಗೂ ಕಿವಿಯುಂಟು ಅನ್ನುತ್ತಾರಲ್ಲ,
ಆ ಕಿವಿಗೆ ತಿಂಗಳ ಸಂಬಳವಿತ್ತು, ಮಧ್ಯಾಹ್ನ ಸೂಪಿತ್ತು,
ಅಮ್ಮ ಕೊಟ್ಟ ಬೆಳ್ಳಿಯ ಓಲೆಯೂ ಇತ್ತು.

ಕುತೈಸಿಯಿಂದೊಬ್ಬ ಗಡಿಯಾರ ರಿಪೇರಿಯವನು
ತಂಗಿಗೆ ಕರೆ ಮಾಡುತ್ತಿದ್ದ. ಗುರುವಾರ, ಮೂರೇ ನಿಮಿಷ.
ಒಂದು ಗುರುವಾರ ದೊಡ್ಡವರ ಮೇಲೊಂದು ತಮಾಷೆ ಹೇಳಿದ.
ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ.
ಆಮೇಲೆ ಪುಸ್ತಕದಲ್ಲಿ ವೇಳೆ ಬರೆದೆ, ನಂಬರು ಬರೆದೆ,
ತಮಾಷೆಯನ್ನೂ ಬರೆದೆ.
ನಿನ್ನ ಅಕ್ಷರ ಮುತ್ತಿನಂತಿದೆ ಎಂದರು ಮೇಲಿನವರು.

ಮುಂದಿನ ಗುರುವಾರ ತಂಗಿಯೇ ಕರೆ ಮಾಡಿದಳು.
ಜೋಡಿಸಿದೆ. ಅಲ್ಲಿ ಗಂಟೆ ಬಾರಿಸಿತು,
ಬಾರಿಸಿತು.
ಮೂರು ನಿಮಿಷಕ್ಕೆ ತಂತಿ ಕೀಳಬೇಕೆಂಬುದು ನಿಯಮ.
ಕೀಳಲಿಲ್ಲ. ಆರಾಯಿತು. ಹತ್ತಾಯಿತು.
ಅವಳ ಉಸಿರು ನನ್ನ ಕಿವಿಯಲ್ಲಿ.

ತಮಾಷೆ ಮರೆತಿದ್ದೇನೆ. ನಕ್ಕದ್ದು ಮರೆತಿಲ್ಲ.

ಇಲ್ಲಿ ನೋಡು, ಅಂದೆ ನೆಸ್ತಾನಳಿಗೆ.
ಬೆನ್ನಿನ ಮುಚ್ಚಳ ಸರಿಸಿ, ಹೆಬ್ಬೆರಳ ಉಗುರು ಕೊಟ್ಟು,
ಟಕ್.
ಒಂದು ಕೈಯಲ್ಲಿ ಕಾಯ, ಇನ್ನೊಂದರಲ್ಲಿ ಜೀವ.
ಹೊಸವು ಆರಿಸಿದರೂ ಅರೆಗಣ್ಣು ಬಿಟ್ಟು ಮಲಗುತ್ತವೆ,
ಮೀನಿನಂಗಡಿಯ ಬೆಕ್ಕಿನ ಹಾಗೆ.
ಇದಕ್ಕೆ ಪೂರ್ತಿ ಸಾಯಲು ಬರುತ್ತದೆ,
ಅವಳು ಬೇಕೆಂದಾಗ ಎದ್ದು ಕೂರಲೂ.
ಹೇಳಿಕೊಡು ಅವಳಿಗೆ. ಮಾಡಿ ನೋಡಲಿ ಹತ್ತು ಸಲ,
ಆ ಸದ್ದು ಅವಳ ಕೈಯಿಂದಲೇ ಬರಲಿ.

ಎಂಟಕ್ಕಾಗುವಷ್ಟು ಹಣ ತಂದಿದ್ದಳು. ಸಾಕು ಅಂದೆ.
ಕೆಲಸ ಕಲಿಯುವ ಹುಡುಗ ಬಾಚೋ ರಸೀದಿ ಪುಸ್ತಕ ಬಿಡಿಸಿ
ಹೆಸರೇನು, ನಂಬರೇನು ಎಂದು ಪೆನ್ನು ಹಿಡಿದು ನಿಂತ.
ಅವನ ಅಕ್ಷರವೂ ದುಂಡಗೆ, ಚೆನ್ನಾಗಿದೆ.
ಪೆನ್ನು ಕಸಿದುಕೊಂಡು ಮುಚ್ಚಳ ಹಾಕಿದೆ.

ಅವಳು ಮೆಟ್ಟಿಲು ಹತ್ತಿ ಬೆಳಕಿಗೆ ಹೋದ ಮೇಲೆ
ಗೋಚಾ ಕತ್ತು ಚಾಚಿದ: ಯಾರದು?
ಚೀಲ ತುಂಬ ಏನೋ ಒಯ್ದಳು?

ಕಾಲುಚೀಲ, ಅಂದೆ.
ನಿನ್ನ ಹತ್ತಿರ ದುಬಾರಿಯಂತೆ.