ಮೂರು ಗಂಟೆ

ಹಟ್ಟಿಯ ಗಣಿಯಲ್ಲಿ ಒಂದು ಗಂಟೆ ಹೊಡೆದರೆ ನಿಲ್ಲಿಸು,
ಎರಡು ಹೊಡೆದರೆ ಇಳಿಸು,
ಮೂರು ಹೊಡೆದರೆ
ಕೇಜಿನೊಳಗೆ ಮನುಷ್ಯರಿದ್ದಾರೆ, ಮೆಲ್ಲಗೆ.
ಹತ್ತೊಂಬತ್ತು ವರ್ಷ ಲಿವರು ಹಿಡಿದ ಕೈ ನನ್ನದು.
ಅದು ನಡುಗಿದ್ದು ಒಂದೇ ಸಲ,
ಮಾಘದ ರಾತ್ರಿ ಪಾಳಿಯ ಮೂರು ಗಂಟೆಗೆ
ಮೂರು ಗಂಟೆ ಹೊಡೆದಾಗ.

ಅಷ್ಟೊತ್ತಿಗೆ ನನ್ನ ಟಿಫಿನ್ನಿನ ಕೆಳಗಿನ ಡಬ್ಬಿಯಲ್ಲಿ
ಐದು ಶೀಶೆ.
ನಾದಿನಿ ಕೊಟ್ಟ ಅಶ್ವಗಂಧ,
ಮೊಬೈಲಿನಲ್ಲಿ ಹದ್ದಿನ ಚಿತ್ರ ನೋಡಿ ತರಿಸಿದ್ದು ಮೂರು,
ಯಾವುದೋ ಚಳಿದೇಶದ ಹಳದಿ ಹೂವಿನದೊಂದು:
ಮನಸ್ಸು ಹಗುರ, ನೂರಕ್ಕೆ ನೂರು ನೈಸರ್ಗಿಕ.
ಇವುಗಳ ಅಡಿಯಲ್ಲಿ, ತಂಬಾಕಿನ ಖಾಲಿ ಡಬ್ಬಿಯೊಳಗೆ,
ಹೆಂಡತಿಗೂ ತೋರಿಸದ ಬಿಳಿ ಮಾತ್ರೆ.
ಬೆಳಗಾದರೆ ಏಳಲು ಮನಸ್ಸಾಗದಿದ್ದ ವರ್ಷ
ರಾಯಚೂರಿನ ಡಾಕ್ಟರು ಬರೆದದ್ದು.

ಅಂದು ಕೇಜು ಏನೂ ಆಗದೆ ಇಳಿಯಿತು.
ಹದಿನೆಂಟು ಜನ, ಎಂದಿನಂತೆ ಬೈದಾಡುತ್ತ ಹೊರಬಿದ್ದರಂತೆ.
ಆ ಚಳಿಯಲ್ಲಿ ನನ್ನ ಅಂಗಿ ತೊಯ್ದಿತ್ತು.
ಎದೆಯೊಳಗೆ ಯಾರೋ
ಲೆಕ್ಕ ತಪ್ಪಿ ಗಂಟೆ ಬಾರಿಸುತ್ತಿದ್ದರು.
ಬದಲಿಯವನನ್ನು ಕರೆದೆ. ಪಿತ್ತ, ಎಂದೆ.

ಕ್ಯಾಂಪಿನ ಬಸ್‌ಸ್ಟ್ಯಾಂಡಿನೆದುರು ಮೆಹಜಬೀನಮ್ಮನ ಔಷಧಿ ಅಂಗಡಿ.
ಶೆಟರು ಅರ್ಧ ಎತ್ತಿ ಕಸ ಹೊಡೆಯುತ್ತಿದ್ದಳು.
"ನಿದ್ದಿ ಗುಳಿಗಿ ಕೊಡ್ರಿ."
ಅವಳು ಪೊರಕೆ ಕೆಳಗಿಡಲಿಲ್ಲ.
"ಈಗ ಏನೇನ್ ತಗೋತೀರಿ, ಮೊದ್ಲ ಅದನ್ನ ಹೇಳ್ರಿ."
"ಏನಿಲ್ಲ. ಬರೇ ಬೇರು, ಬರೇ ಹೂವು."
"ದತ್ತೂರಿನೂ ಹೂವ ಐತಲ್ರಿ, ಅಮರೇಗೌಡ್ರ."

ಶೀಶೆಗಳನ್ನು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿ
ಒಂದೊಂದನ್ನೂ ಬೆನ್ನು ತಿರುಗಿಸಿದಳು.
"ಮುಂದಿನ ಚೀಟಿ ಕಂಪನಿದು.
ಹಿಂದಿನ ಸಣ್ಣಕ್ಷರ ನಿಮ್ದು. ಓದೀರೇನು?"
ಓದಿರಲಿಲ್ಲ.
ಮೂರು ಶೀಶೆಯಲ್ಲಿ ಮೂರು ಹೆಸರಿನಿಂದ ಕೆಫೀನೇ ಕೂತಿತ್ತು,
ಒಬ್ಬನೇ ಆಳು ಮೂರು ಹಾಜರಿ ಬರೆಸಿದ ಹಾಗೆ.
ಕ್ಯಾಂಟೀನಿನ ಚಹಾದ ಲೆಕ್ಕ ಬೇರೆ.

ತಂಬಾಕಿನ ಡಬ್ಬಿ ಕೊನೆಗೆ ಹೊರಬಂತು.
ಮುಚ್ಚಳ ತೆಗೆದಳು, ಮುಚ್ಚಿದಳು,
ಬೀದಿಯತ್ತ ನೋಡಿ ದನಿ ಇಳಿಸಿದಳು:
"ಈ ಗುಳಿಗಿ, ಆ ಹಳದಿ ಹೂವ
ಒಂದ ಹೊಟ್ಟ್ಯಾಗ ಕೂಡಬಾರದ್ರಿ.
ಹೂವ ಇವತ್ತ ಬಿಡ್ರಿ.
ಗುಳಿಗಿ ಮಾತ್ರ ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ.
ಈಗಿಂದೀಗ ಕ್ಯಾಂಪಿನ ದವಾಖಾನಿಗೆ ನಡೀರಿ,
ಆಮ್ಯಾಲೆ ರಾಯಚೂರಿಗೆ,
ಐದೂ ಶೀಶೆ ಹೊತ್ಕೊಂಡು."
ನಿದ್ದೆಯ ಗುಳಿಗೆ ಕೊಡಲಿಲ್ಲ. ಕಸ ಮುಂದುವರಿಸಿದಳು.

ಗಣಿಯಲ್ಲಿ ಹೊಸ ಹಗ್ಗ ಹಾಕಿದರೆ
ಆ ಕ್ಷಣವೇ ಮನುಷ್ಯರನ್ನು ಇಳಿಸುವುದಿಲ್ಲ ನಾವು.
ಖಾಲಿ ಕೇಜು ಕಳಿಸುತ್ತೇವೆ, ಆಮೇಲೆ ಭಾರ,
ಆಮೇಲೆ ಪುಸ್ತಕದಲ್ಲಿ ಬರೆದು ಸಹಿ.
ನನ್ನೊಳಗೆ ಮಾತ್ರ
ಐದು ಹೊಸ ಹಗ್ಗ ಒಂದೇ ವಾರದಲ್ಲಿ ಕಟ್ಟಿದ್ದೆ,
ಪುಸ್ತಕವೂ ಇಲ್ಲ, ಸಹಿಯೂ ಇಲ್ಲ.

ರಾಯಚೂರಿನಲ್ಲಿ ರಕ್ತ ತೆಗೆದರು. ಬಿ ಹನ್ನೆರಡು ನೆಲ ಕಚ್ಚಿತ್ತು.
ನನಗೆ ಬೇಕಿದ್ದದ್ದು ಹದ್ದಿನ ಕಣ್ಣಲ್ಲ,
ಕೆಲವು ಸೂಜಿ, ಹಗಲನ್ನು ಕತ್ತಲು ಮಾಡುವ ದಪ್ಪ ಪರದೆ.

ಮಗಳ ಹಳೆಯ ನೋಟ್‌ಬುಕ್ಕು, ಹಿಂದಿನಿಂದ ಶುರು.
ಡಾಕ್ಟರು ಹ್ಞೂಂ ಎಂದದ್ದು ಒಂದಕ್ಕೇ: ಮೆಗ್ನೀಷಿಯಂ, ಅರ್ಧ.
ದಿನ ನಾಲ್ಕು: ಹೊಟ್ಟೆ ಸಡಿಲ.
ದಿನ ಒಂಬತ್ತು: ಆರು ತಾಸು ನಿದ್ದೆ.
ಗುಳಿಗೆಯಿಂದಲೋ ಪರದೆಯಿಂದಲೋ, ತಿಳಿಯದು.
ದಿನ ಇಪ್ಪತ್ತು: ವ್ಯತ್ಯಾಸ ಇಲ್ಲ.
(ಈ ಸಾಲು ಬರೆಯಲು ಕಷ್ಟವಾಯಿತು.
ಕೊಟ್ಟ ಆರುನೂರು ರೂಪಾಯಿ ಕೈ ಜಗ್ಗುತ್ತಿತ್ತು.)
ದಿನ ಇಪ್ಪತ್ತೊಂದು: ಹೆಂಡತಿಗೆ ಬಿಳಿ ಮಾತ್ರೆ ತೋರಿಸಿದೆ.
"ಗೊತ್ತಿತ್ತು," ಎಂದಳು,
"ತಂಬಾಕು ತಿನ್ನದಾವನ ಹತ್ರ
ತಂಬಾಕಿನ ಡಬ್ಬಿ ಯಾಕ ಇರ್ತೈತಿ?"

ಇವತ್ತು, ಡಾಕ್ಟರ ಚೀಟಿ ತೋರಿಸಿ, ಮತ್ತೆ ಲಿವರಿನ ಮುಂದೆ.
ಹೊರಗೆ ಅದಿರು ತೊಳೆದ ಮಣ್ಣಿನ ದಿಬ್ಬ
ಬೆಳದಿಂಗಳಿಗೆ ಬೂದಿಯಾಗಿ ಬಿದ್ದಿದೆ.
ಆಕಳಿಕೆ ಬಂತು. ಎದ್ದು ಮುಖ ತೊಳೆದು ಕೂತೆ.
ಕೈ ನೋಡಿಕೊಂಡೆ.

ಒಂದು ಹೊಡೆಯಿತು.
ಎರಡು.
ಮೂರನೆಯದು ಇದೆಯೇ ಎಂದು
ಕಾಯುತ್ತೇನೆ.